ಚಾಂದಮಾರಿಗೆ ಹಳೆಯ ಗುಂಡು

ಡಿಸೆಂಬರ್ ತಿಂಗಳ ಎರಡನೆಯ ಗುರುವಾರ, ಬೆಳಿಗ್ಗೆ ಆರೂ ಮುಕ್ಕಾಲು ಗಂಟೆ. ಸ್ಥಳ, ಶಹಾಪುರ ದಾಟಿ ಸುರಪುರದ ಕಡೆಗೆ ಹೋಗುವಾಗ ಸಿಗುವ ಕಲ್ಲುಗುಡ್ಡದ ಹಿಂದಿನ ಚಾಂದಮಾರಿ. ಚಾಂದಮಾರಿ ಎಂದರೆ ನಾವು ಗುಂಡು ಹಾರಿಸಿ ಅಭ್ಯಾಸ ಮಾಡುವ ಬಯಲು. ಹಾಜರಿದ್ದವರು ಐವರು. ಪರೀಕ್ಷೆ ನಡೆಸಲು ಬಂದ ಇನ್‌ಸ್ಪೆಕ್ಟರ್ ಸಾಹೇಬರು, ಆಯುಧಾಗಾರದ ಹವಾಲ್ದಾರ ಖಾಜಾಸಾಬ, ಆಂಬುಲೆನ್ಸಿನ ನರ್ಸಮ್ಮ, ಪರೀಕ್ಷೆಗೆ ನಿಂತ ಕಾನ್‌ಸ್ಟೆಬಲ್ ಸುಜಾತಾ, ಮತ್ತು ಪಿಸ್ತೂಲು ಕಲಿಸುವ ಉಸ್ತಾದನಾದ ನಾನು.

ಅದು ಸುಜಾತಾಳ ಮೂರನೆಯ ಪರೀಕ್ಷೆ, ಕೊನೆಯದು ಕೂಡ. ಹದಿನೈದು ಗಜದಿಂದ ಹತ್ತು ಗುಂಡು ಹೊಡೆಯಬೇಕು, ಅದರಲ್ಲಿ ಆರು ಒಳವೃತ್ತದೊಳಗೆ ಬೀಳಬೇಕು. ಹಿಂದೆ ಎರಡು ಸಲ ಸೋತಿದ್ದಳು. ಗೆದ್ದರೆ ಸುರಪುರದ ಖಜಾನೆಯ ಪಹರೆ ಸಿಗುತ್ತಿತ್ತು. ಅಲ್ಲಿಂದ ಪಕ್ಕದ ದೇವಾಪುರದ ತನ್ನ ಮನೆಗೆ ದಿನಾ ಹೋಗಿಬರಬಹುದಿತ್ತು. ಸೋತರೆ ಆಯುಧದ ಕೆಲಸದ ಪಟ್ಟಿಯಿಂದಲೇ ಹೆಸರು ತೆಗೆಯುತ್ತಿದ್ದರು, ಯಾದಗಿರಿಯ ಬ್ಯಾರಕ್ಕಿನಲ್ಲೇ ಉಳಿಯಬೇಕಾಗುತ್ತಿತ್ತು. ಅವಳ ಕೂಸಿಗೆ ಆಗ ಒಂದೂವರೆ ವರ್ಷ, ಅತ್ತೆಯ ಹತ್ತಿರ ಬೆಳೆಯುತ್ತಿತ್ತು. ವಾರಕ್ಕೊಮ್ಮೆ ಬಂದ ತಾಯಿಯನ್ನು ನೋಡಿ ಅಜ್ಜಿಯ ಸೆರಗಿನ ಹಿಂದೆ ಅಡಗಲು ಶುರುಮಾಡಿದೆ ಎಂದು ಅವಳೇ ಒಮ್ಮೆ ಹೇಳಿದ್ದಳು.

ಈಗ ನಾನು ನಿವೃತ್ತ. ಈ ಕೆಲಸಕ್ಕೆ ಹೊಸದಾಗಿ ಬರುವವರು ಉಸ್ತಾದನ ಕೆಲಸ ಹೇಗಿರುತ್ತದೆ ಎಂದು ಕೇಳುತ್ತಾರೆ. ಆ ಗುರುವಾರದ ಸಂಗತಿ ಹೇಳಿದರೆ ಬಹುಪಾಲು ಹೇಳಿದಂತೆ. ಆದರೆ ಅದು ತಿಳಿಯಲು ಹಿಂದಿನ ಕೆಲವು ಮಾತು ಬೇಕು.

ಅಭ್ಯಾಸಕ್ಕೆ ಗುಂಡು ಆರಿಸುವುದು ಉಸ್ತಾದನ ಜವಾಬ್ದಾರಿ. ನನಗೆ ಈ ಕೆಲಸ ಕಲಿಸಿದ ಹಿರಿಯ ಉಸ್ತಾದರು ಮೊದಲ ದಿನವೇ ನಿಯಮ ಹೇಳಿಬಿಟ್ಟರು. ಹಳೆಯ ಪೆಟ್ಟಿಗೆ ಚಾಂದಮಾರಿಗೆ, ಹೊಸ ಪೆಟ್ಟಿಗೆ ಪಹರೆಗೆ. "ಕೆಟ್ಟ ಗುಂಡು ಬಯಲಾಗ ಕೆಟ್ರ ಏನೂ ಲುಕ್ಸಾನಿಲ್ಲ. ಕಳ್ಳನ ಮುಂದ ಕೆಡಬಾರ್ದು ನೋಡು" ಎಂದರು. ಮಾತು ಸರಿಯಾಗಿಯೇ ಇತ್ತು. ನಾನು ಮೂವತ್ತು ವರ್ಷ ಅದನ್ನು ತಪ್ಪದೆ ನಡೆಸಿದೆ. ಹಿಂದಿನ ದಿನ ಸಂಜೆ ಹಳೆಯ ಪೆಟ್ಟಿಗೆ ತೆರೆಸಿ, ಗುಂಡುಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಹಾಸಿ, ಒಣ ಅರಿವೆಯಿಂದ ಒಂದೊಂದನ್ನೂ ಒರೆಸುತ್ತಿದ್ದೆ. ಹಸಿರು ಕಿಲುಬು ಹಿಡಿದದ್ದು ಪಕ್ಕಕ್ಕೆ. ಹಿತ್ತಾಳೆಯಲ್ಲಿ ಬಿರುಕಿದ್ದದ್ದು, ತುದಿ ಒಳಗೆ ಜಾರಿದ್ದು ಪಕ್ಕಕ್ಕೆ. ಉಳಿದದ್ದು ಚಾಂದಮಾರಿಗೆ. ಕಣ್ಣಿಗೆ ಕಾಣುವ ದೋಷ ನನ್ನ ಕೈಯಿಂದ ತಪ್ಪಿಸಿಕೊಂಡದ್ದಿಲ್ಲ. ಗುಂಡಿನ ಹಿಂಬದಿಯಲ್ಲಿ ಮದ್ದಿಗೆ ಕಿಡಿ ಕೊಡುವ ಕ್ಯಾಪ್ ಇರುತ್ತದೆ. ಅದು ಒಳಗೊಳಗೇ ಸತ್ತಿದ್ದರೆ ಮಾತ್ರ ಯಾವ ಕಣ್ಣಿಗೂ ಕಾಣುವುದಿಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ವರ್ಷಗಟ್ಟಲೆ ಬೆಂದ ಗುಂಡಿನ ಹೊಟ್ಟೆಯೊಳಗೆ ಏನಾಗಿದೆಯೆಂದು ಹೇಳುವುದು ಕಷ್ಟ.

ಇನ್ನು ಕಲಿಕೆಯ ಸಾಮಾನು. ಮೊದಮೊದಲು ನಮಗೆ ಸಿಗುತ್ತಿದ್ದದ್ದು ಎರಡೇ, ಕಾಗದದ ಗುರಿಹಲಗೆ ಮತ್ತು ಉಸ್ತಾದನ ಬೈಗುಳ. ಕಿವಿಗೆ ಹತ್ತಿ. ಆಮೇಲೆ ನಾನೇ ಯಾದಗಿರಿಯ ಒಬ್ಬ ಲೇತ್ ಕೆಲಸದವನಿಂದ ಮದ್ದಿಲ್ಲದ ಡಮ್ಮಿ ಗುಂಡು ಮಾಡಿಸಿದೆ. ತುಂಬುವುದು, ತೆಗೆಯುವುದು ಕಲಿಸಲು ಅವು ಬೇಕೇಬೇಕು. ಹಿತ್ತಾಳೆಯಲ್ಲಿ ಅಚ್ಚುಕಟ್ಟಾಗಿ ಮಾಡಿದ್ದ. ನಾನು ಮೆಚ್ಚಿ ಹಾಗೆಯೇ ಇಟ್ಟೆ. ಅದೇ ತಪ್ಪಾಯಿತು.

ಒಂದು ದಿನ ಬ್ಯಾರಕ್ಕಿನ ಹಾಲ್‌ನಲ್ಲಿ ಹನ್ನೆರಡು ಮಂದಿ ಹೊಸಬರನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದೆ. ಡಮ್ಮಿ ಚೀಲದಿಂದ ಒಂದೊಂದು ತೆಗೆದು ಮ್ಯಾಗಜಿನ್ನಿಗೆ ತುಂಬಿ ತೋರಿಸುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಖಾಜಾಸಾಬ ಎರಡು ಹೆಜ್ಜೆಗೆ ಒಳಗೆ ಬಂದು ನನ್ನ ಮಣಿಕಟ್ಟು ಹಿಡಿದ.

"ಉಸ್ತಾದ್, ಅದನ್ನ ತುಂಬಬ್ಯಾಡ್ರಿ. ಅದು ಬ್ಯಾರೆ ಅದ."

ನೋಡಿದರೆ ಜೀವಂತ ಗುಂಡು. ಹಿಂದಿನ ವಾರ ಚಾಂದಮಾರಿಯಿಂದ ಬರುವಾಗ ಎರಡೂ ಚೀಲ ಒಂದೇ ಜೀಪಿನ ಒಂದೇ ಮೂಲೆಯಲ್ಲಿದ್ದವು. ಎದುರಿಗೆ ಹನ್ನೆರಡು ಮಂದಿ. "ಹೆಂಗ ಗೊತ್ತಾತು?" ಎಂದು ಕೇಳಿದೆ. "ನಿಮ್ಮ ಡಮ್ಮಿಗಿ ಕ್ಯಾಪ್ ಇಲ್ರಿ. ಇದಕ್ಕದ. ದೂರದಿಂದ ಮಿಂಚ್ತು" ಎಂದ. ಆ ಸಂಜೆಯೇ ಎಲ್ಲ ಡಮ್ಮಿಗೂ ಅಡ್ಡಲಾಗಿ ತೂತು ಹೊಡೆಸಿ, ಕೆಂಪು ಎನಾಮೆಲ್ ಬಳಿದು, ಒಂದು ಟಿಫಿನ್ ಡಬ್ಬಿಗೆ ಹಾಕಿ ಬೇರೆ ಕೋಣೆಯಲ್ಲಿಟ್ಟೆ. ಡಬ್ಬಿ ತೆರೆದಾಗಲೆಲ್ಲ ಇಬ್ಬರು ನೋಡಬೇಕು. ನೀವು ಈ ಕೆಲಸಕ್ಕೆ ಬಂದರೆ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಕಲಿಕೆಯ ಗುಂಡು ನಿಜವಾದದ್ದರಂತೆ ಚೆಂದ ಕಾಣಬೇಕಾಗಿಲ್ಲ. ನಿಜವಾದದ್ದಲ್ಲ ಎಂದು ಮಾರು ದೂರಕ್ಕೇ ಗೊತ್ತಾಗಬೇಕು.

ನನ್ನ ಕೊನೆಯ ವರ್ಷದಲ್ಲಿ ಬಂದ ಇನ್‌ಸ್ಪೆಕ್ಟರ್ ಸಾಹೇಬರು ಮಂಡ್ಯದ ಕಡೆಯವರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನಮ್ಮ ಮಾತು ಕೇಳಿ ಮೊದಲ ವಾರ, "ನೀವೆಲ್ಲ ಜಗಳ ಆಡ್ತಿದ್ದೀರೋ, ಮಾತಾಡ್ತಿದ್ದೀರೋ?" ಎಂದು ಕೇಳಿದ್ದರು. ಅವರು ಒಂದು ಲೇಸರ್ ತರಿಸಿದರು. ಗುಂಡಿನ ಆಕಾರದ್ದು. ಪಿಸ್ತೂಲಿನೊಳಗಿಟ್ಟು ಟ್ರಿಗರ್ ಒತ್ತಿದರೆ ಗೋಡೆಯ ಮೇಲೆ ಕೆಂಪು ಚುಕ್ಕೆ ಮೂಡುತ್ತದೆ. ಬ್ಯಾರಕ್ಕಿನ ಬೆಕ್ಕು ಆ ಚುಕ್ಕೆ ಹಿಡಿಯಲು ಗೋಡೆಗೆ ಹಾರಿತು. ನಕ್ಕವರೆಲ್ಲ ಶಿಕ್ಷೆಗೆ ಮೈದಾನ ಸುತ್ತಿದರು. ಲೇಸರ್ ಒಳ್ಳೆಯ ಸಾಮಾನು. ಕೈ ಎಲ್ಲಿ ತಪ್ಪುತ್ತದೆಂದು ಆಗಿಂದಾಗಲೇ ತೋರಿಸುತ್ತದೆ. ಆದರೆ ಅದಕ್ಕೆ ಸದ್ದಿಲ್ಲ, ಒದೆತವಿಲ್ಲ. ಗುರಿ ಕಲಿಸುತ್ತದೆ, ಗುಂಡು ಕಲಿಸುವುದಿಲ್ಲ.

ಇನ್ನೊಂದು ವಿಧಾನಕ್ಕೆ ಖರ್ಚೇ ಇಲ್ಲ. ಖಾಲಿ ಪಿಸ್ತೂಲಿನ ಮೇಲ್ಭಾಗದಲ್ಲಿ, ತುದಿಗೆ ಹತ್ತಿರ, ಹಾರಿಸಿದ ಗುಂಡಿನ ಖಾಲಿ ಕೇಸನ್ನು ನಿಲ್ಲಿಸುವುದು. ಟ್ರಿಗರ್ ಒತ್ತಿದಾಗ ಅದು ಬೀಳಬಾರದು. ಕೈ ಎಳೆದರೆ ಠಣ್ ಎಂದು ನೆಲಕ್ಕೆ. ಗಟ್ಟಿ ಕೈಯವರೂ ಮೊದಲ ದಿನ ನಾಲ್ಕೈದು ಸಲ ಬೀಳಿಸುತ್ತಾರೆ.

ಸುಜಾತಾ ಬೀಳಿಸುತ್ತಿರಲಿಲ್ಲ. ಇಪ್ಪತ್ತು ಸಲ ಒತ್ತಿದರೂ ಕೇಸು ನಿಂತಲ್ಲೇ ನಿಲ್ಲುತ್ತಿತ್ತು. ಅದೇ ಕೈ ಚಾಂದಮಾರಿಗೆ ಹೋದರೆ ಗುಂಡೆಲ್ಲ ಹಲಗೆಯ ಕೆಳಗೆ, ಮಣ್ಣಿಗೆ. ಎರಡನೆಯ ಸಲ ಸೋತಾಗ ನಾನು ಅವಳ ಹಾಳೆಯ ಮೇಲೆ ಬರೆದೆ, "ಅಂಜುತ್ತಾಳೆ. ಸುಧಾರಣೆಯ ಲಕ್ಷಣ ಕಾಣದು." ಬರೆದದ್ದನ್ನು ಅಭ್ಯರ್ಥಿಗೆ ಓದಿ ಹೇಳುವುದು ನನ್ನ ಪದ್ಧತಿ. ಓದಿದೆ.

ಅವಳು ಅಳಲಿಲ್ಲ. "ಅಂಜ್ತೀನಿ, ಖರೇ ಅದರಿ. ಯಾವುದಕ್ಕ ಅಂಜ್ತೀನಿ ಅಂತ ಕೇಳ್ರಿ" ಎಂದಳು.

"ಯಾವುದಕ್ಕವಾ?"

"ಮೊದಲನೇ ಪರೀಕ್ಷಾದಾಗ ಮೂರು ಗುಂಡು ಟಿಕ್ ಅಂದ್ವು. ಟಿಕ್ ಅಂದ್ರ ಪಿಸ್ತೂಲ್ ಹಲಗಿ ಕಡೀನೇ ಹಿಡದು ಅರ್ಧ ನಿಮಿಷ ನಿಲ್ಲಬೇಕಂತ ನೀವೇ ಹೇಳೀರಿ. ನಿಂತಿದ್ದೆ. ಮೂರನೇದು ತಡಾ ಮಾಡಿ ಢಂ ಅಂತು. ಅವತ್ತಿನಿಂದ ಟ್ರಿಗರ್ ಒತ್ತಿದ್ರ ಈಗ ಹಾರ್ತದೋ, ಆಮ್ಯಾಲ ಹಾರ್ತದೋ, ಹಾರೂದೇ ಇಲ್ಲೋ ತಿಳಿಯಂಗಿಲ್ರಿ. ಬೆರಳು ಒತ್ತೂಕಿಂತ ಮೊದಲೇ ಮೈಯೆಲ್ಲಾ ಬಿಗೀತದ."

"ಎಲ್ಲಾರಿಗೂ ಅದೇ ಗುಂಡು ಕೊಟ್ಟೀನಿ" ಎಂದೆ.

"ಎಲ್ಲಾರಿಗೂ ಕೊಟ್ಟೀರಿ. ನೀವು ಅದನ್ನ ಹೊಡದೀರೇನ್ರಿ?"

ಖಾಜಾಸಾಬ ಕೆಮ್ಮಿದ. ಯಾಕೆಂದು ನನಗೆ ಗೊತ್ತಿತ್ತು. ಉಸ್ತಾದ ಎಲ್ಲರೆದುರು ಹೊಡೆದು ತೋರಿಸುವಾಗ ಗುಂಡು ಕೈಕೊಡಬಾರದು, ಕೈಕೊಟ್ಟರೆ ಕಲಿಯುವವರ ಮುಂದೆ ಮರ್ಯಾದೆ ಹೋಗುತ್ತದೆ ಎಂದು ಉಸ್ತಾದನಿಗೆ ಮಾತ್ರ ಹೊಸ ಪೆಟ್ಟಿಗೆಯಿಂದ ಐದು ಗುಂಡು ಕೊಡುವುದು ನಮ್ಮಲ್ಲಿ ರೂಢಿ. ಹಿರಿಯ ಉಸ್ತಾದರಿಗೂ ಹಾಗೇ ಕೊಡುತ್ತಿದ್ದರು, ನನಗೂ ಹಾಗೇ. ಉಸ್ತಾದನಾದ ಮೇಲೆ ಹಳೆಯ ಪೆಟ್ಟಿಗೆಯ ಒಂದು ಗುಂಡನ್ನೂ ನಾನು ಹೊಡೆದಿರಲಿಲ್ಲ.

"ನಾ ತುಂಬ್ತೀನಿ, ನೀವು ಹೊಡೀರಿ" ಎಂದಳು. "ನಡುವ ಕೆಂಪು ಡಮ್ಮಿ ಹಾಕ್ತೀನಿ. ಎಲ್ಲಿ ಹಾಕೀನಂತ ಹೇಳಂಗಿಲ್ಲ."

ಇದು ನಾನೇ ಕಲಿಸಿದ ಪರೀಕ್ಷೆ. ಗುಂಡುಗಳ ನಡುವೆ ಡಮ್ಮಿ ಬೆರೆಸುವುದು. ಡಮ್ಮಿ ಬಂದಾಗ ಸದ್ದಾಗುವುದಿಲ್ಲ, ಹಾಗಾಗಿ ಕೈ ಮಾಡುವ ಕಳ್ಳತನ ಎಲ್ಲರಿಗೂ ಕಾಣುತ್ತದೆ. ಹೆದರಿದ ಕೈ ಸದ್ದಿಗೆ ಮುಂಚೆಯೇ ನಳಿಕೆಯನ್ನು ಕೆಳಗೆ ಒತ್ತುತ್ತದೆ.

ಮರುದಿನ ಬೆಳಿಗ್ಗೆ ಚಾಂದಮಾರಿಯಲ್ಲಿ, ಖಾಜಾಸಾಬನ ಕಣ್ಣೆದುರಿಗೆ ಅವಳು ಹಳೆಯ ಗುಂಡು ಮತ್ತು ಡಮ್ಮಿ ಬೆರೆಸಿ ತುಂಬಿದಳು. ನಾನು ನಿಂತೆ. ಎರಡು ಸರಿಯಾಗಿ ಹಾರಿದವು. ಮೂರನೆಯದು ಟಿಕ್. ಅರ್ಧ ನಿಮಿಷ ಎಣಿಸಿ ತೆಗೆದೆ. ಡಮ್ಮಿಯಲ್ಲ, ಸತ್ತ ಗುಂಡು. ನಳಿಕೆಯಲ್ಲಿ ಏನೂ ಸಿಕ್ಕಿಲ್ಲವೆಂದು ನೋಡಿ ಮುಂದುವರಿದೆ. ನಾಲ್ಕನೆಯದು ಹಾರಿತು. ಐದನೆಯದು ಡಮ್ಮಿ. ಟ್ರಿಗರ್ ಒತ್ತಿದ ಕ್ಷಣ ನನ್ನ ಪಿಸ್ತೂಲಿನ ಮೂತಿ ನಾಲ್ಕು ಬೆರಳು ಕೆಳಗೆ ಇಳಿಯಿತು. ನಾನೇ ನೋಡಿದೆ. ಅವರಿಬ್ಬರೂ ನೋಡಿದರು.

"ಉಸ್ತಾದ್ ನಮಾಜ್ ಮಾಡಿದ್ರು" ಎಂದ ಖಾಜಾಸಾಬ.

ಸುಜಾತಾ ತುಟಿ ಕಚ್ಚಿಕೊಂಡು ಗುಡ್ಡದ ಕಡೆಗೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು.

"ನಗು, ನಗು. ನಕ್ಕು ಮುಗಿಸಿ ಕೇಸು ಆರಿಸು" ಎಂದೆ. ಹೇಳಿ ನನಗೂ ನಗು ಬಂತು. ಆದರೆ ಜೀಪಿನಲ್ಲಿ ಯಾದಗಿರಿಯವರೆಗೂ ಒಂದೇ ಲೆಕ್ಕ ಹಾಕಿದೆ. ಮೂರು ನಾಲ್ಕು ಗುಂಡಿನಲ್ಲಿ ನನ್ನ ಕೈ ಹಾಗಾಗಿದ್ದರೆ, ಎರಡು ಪರೀಕ್ಷೆ ಪೂರ್ತಿ ಅದನ್ನೇ ಹೊಡೆದವಳ ಕೈ ಇನ್ನು ಹೇಗಾಗಬೇಕು?

ಸಾಹೇಬರ ಮುಂದೆ ನಿಂತು ಸುಜಾತಾಳ ಮೂರನೆಯ ಪರೀಕ್ಷೆಗೆ ಹೊಸ ಪೆಟ್ಟಿಗೆಯ ಗುಂಡು ಬೇಕು ಎಂದೆ.

"ಏನ್ರೀ ಉಸ್ತಾದ್, ಹಳೇದು ಮೊದಲು ಅಂತ ಬಂದ ದಿನಾನೇ ನಂಗೇ ಪಾಠ ಮಾಡಿದ್ರಿ. ಈಗ ನೀವೇ ಬೇಡ ಅಂತೀರಾ?"

"ನಾ ತಪ್ಪಿದ್ದೆ ರೀ ಸರ್."

"ಒಬ್ಬಳಿಗೆ ಹೊಸ ಗುಂಡು ಕೊಟ್ರೆ ನಾಳೆ ಎಲ್ಲರೂ ಕೇಳ್ತಾರೆ. ಅಭ್ಯಾಸಕ್ಕೂ ಪರೀಕ್ಷೆಗೂ ಎಲ್ಲರಿಗೂ ಹಳೇದೇ ಕೊಡ್ತಿದ್ದೀವಿ. ಪರೀಕ್ಷೇಲಿ ಮಾತ್ರ ಒಬ್ಬಳಿಗೆ ಬೇರೆ ಅಂದ್ರೆ ಹೆಂಗೆ?"

"ಅಭ್ಯಾಸಕ್ಕೂ ಆ ಹಳೇ ಪೆಟ್ಟಿಗಿ ಬ್ಯಾಡ್ರಿ. ಪಹರೆಗೆ ಹೋದಾಗ ಆಕಿ ಸೊಂಟದಾಗ ಇರೂದು ಹೊಸ ಗುಂಡು. ಹೊಸ ಗುಂಡಿನಾಗ ಆಕಿ ಹೆಂಗ ಹೊಡೀತಾಳಂತ ನೋಡೂದು ಪರೀಕ್ಷಾ. ಸತ್ತ ಗುಂಡಿಗಿ ಆಕಿ ಎಷ್ಟು ತಡೀತಾಳಂತ ನೋಡೂದು ಯಾವ ಪರೀಕ್ಷಾ ರೀ?"

ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ಸರಿ. ಪರೀಕ್ಷೆ ದಿನ ಬೆಳಿಗ್ಗೆ ಆ ಹಳೇ ಪೆಟ್ಟಿಗೆಯಿಂದ ಹತ್ತು ಗುಂಡು ನಾನೇ ಹೊಡೀತೀನಿ. ಹತ್ತೂ ಹಾರಿದ್ರೆ ಅವಳೂ ಅದರಲ್ಲೇ ಹೊಡೀಬೇಕು. ಒಪ್ಪಿಗೇನಾ?"

ಒಪ್ಪದೆ ದಾರಿ ಇರಲಿಲ್ಲ.

ಹಾಗಾಗಿ ಆ ಗುರುವಾರ ಏಳು ಗಂಟೆಗೆ ಗುರಿಯೆದುರು ಮೊದಲು ನಿಂತವರು ಸಾಹೇಬರು. ಪೆಟ್ಟಿಗೆಯಿಂದ ಕೈಗೆ ಸಿಕ್ಕ ಹತ್ತನ್ನು ಅವರೇ ಆರಿಸಿಕೊಂಡರು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ನಾನು ಬಲಗಡೆ ಒಂದು ಹೆಜ್ಜೆ ಹಿಂದೆ. ಸುಜಾತಾ ದೂರದಲ್ಲಿ ಕೈ ಹಿಂದೆ ಕಟ್ಟಿ ನಿಂತಿದ್ದಳು.

ಒಂದು ಹಾರಿತು. ಎರಡು, ಮೂರು. ನಾಲ್ಕನೆಯದು ನಡುವೃತ್ತಕ್ಕೇ ಹೋಯಿತು. ಐದು, ಆರು. ಇಷ್ಟು ವರ್ಷದಲ್ಲಿ ಗುಂಡು ಹಾರದಿರಲಿ ಎಂದು ನಾನು ಬೇಡಿಕೊಂಡದ್ದು ಅದೊಂದೇ ಸಲ. ಏಳು ಹಾರಿತು. ಖಾಜಾಸಾಬ ಸುಜಾತಾಳ ಕಡೆ ನೋಡುವುದನ್ನು ಬಿಟ್ಟು ನೆಲ ನೋಡತೊಡಗಿದ. ಎಂಟೂ ಹಾರಿತು. ಸಾಹೇಬರು ತಿರುಗಿ ನನ್ನ ಮುಖ ನೋಡಿ, "ಎಂಟಾಯ್ತು ಉಸ್ತಾದ್" ಎಂದರು. ಅದರಲ್ಲಿ ಹಂಗಿಸುವ ಧ್ವನಿ ಇರಲಿಲ್ಲ. ಅವರಿಗೂ ಬೇಜಾರಾದಂತಿತ್ತು.

ಒಂಬತ್ತನೆಯದು ಟಿಕ್ ಎಂದಿತು.

"ಹಂಗೇ ಹಿಡೀರಿ ಸರ್. ಹಲಗಿ ಕಡೀನೇ. ಎಣಿಸ್ತೀನಿ." ಮೂವತ್ತರವರೆಗೆ ಎಣಿಸಿದೆ. ಏನೂ ಆಗಲಿಲ್ಲ. ತೆಗೆಸಿದೆ. ಕ್ಯಾಪಿನ ಮೇಲೆ ಪೆಟ್ಟು ನೇರವಾಗಿ, ಆಳವಾಗಿ ಬಿದ್ದಿತ್ತು. ಪಿಸ್ತೂಲಿನದು ತಪ್ಪಿಲ್ಲ. ನಳಿಕೆ ನೋಡಿದೆ, ಸ್ವಚ್ಛ.

"ಒಂದು ತಾನೆ" ಎಂದರು ಸಾಹೇಬರು. ಹತ್ತನೆಯದಕ್ಕೆ ನಿಂತರು. ಟಿಕ್. "ಇದೂ..." ಎಂದು ಬಾಯಿ ತೆರೆಯುವಷ್ಟರಲ್ಲಿ ಢಂ ಎಂದಿತು. ನಳಿಕೆ ಹಲಗೆಯ ಕಡೆಗೇ ಇತ್ತು, ಗುಂಡು ಮಣ್ಣಿನ ದಿಬ್ಬಕ್ಕೆ ಹೋಯಿತು. ಕೈ ಹಿಡಿತ ಅವರು ಬಿಟ್ಟಿರಲಿಲ್ಲ, ಅದಕ್ಕೆ ಅವರಿಗೆ ಸಲಾಂ ಹೇಳಬೇಕು. ಆದರೆ ಮುಖ ಬಿಳಚಿಕೊಂಡಿತ್ತು.

"ಅಯ್ಯೋ ಶಿವನೇ" ಎಂದರು. ಪಿಸ್ತೂಲು ಖಾಲಿ ಮಾಡಿ ಮೇಜಿನ ಮೇಲಿಟ್ಟು, ಕಿವಿಯ ಮುಚ್ಚಳ ತೆಗೆದರು. ಆಮೇಲೆ ಸುಜಾತಾಳನ್ನು ಕರೆದು ಕೇಳಿದರು, "ಏನಮ್ಮ, ಇಂಥಾದ್ದು ನಿಂಗೆ ಎಷ್ಟು ಬಂದಿದ್ವು?"

"ಮೊದಲನೇ ಸಲ ಮೂರು ರೀ ಸರ್. ಆಮ್ಯಾಲ ಎಣಿಸಿಲ್ರಿ. ಮುಂದಿಂದು ಹೆಂಗ ಬರ್ತದಂತ ಅಷ್ಟೇ ನೋಡ್ತಿದ್ದೆ."

ಸಾಹೇಬರು ಖಾಜಾಸಾಬನ ಕಡೆ ತಿರುಗಿ ಹೊಸ ಪೆಟ್ಟಿಗೆ ತೆರೆಯಲು ಹೇಳಿದರು.

ಹೊಸ ಗುಂಡು ಬಂದ ಮಾತ್ರಕ್ಕೆ ಹಳೆಯ ಹೆದರಿಕೆ ಓಡಿಹೋಗುವುದಿಲ್ಲ. ಮೊದಲು ಅಭ್ಯಾಸಕ್ಕೆ ಐದು ಕೊಟ್ಟು ನಡುವೆ ಒಂದು ಡಮ್ಮಿ ಸೇರಿಸಿದೆ. ಡಮ್ಮಿ ಬಂದಾಗ ನಳಿಕೆ ಇಳಿಯಿತು. ಎರಡನೆಯ ಸಲ ಐದಕ್ಕೆ ಒಂದು. ಈ ಸಲ ಇಳಿದದ್ದು ಕಂಡೂ ಕಾಣದಷ್ಟು. "ಪ್ರತಿಯೊಂದೂ ಒತ್ತಿದ ಕೂಡ್ಲೆ ಹಾರ್ಯಾವ. ನೋಡಿದಿಲ್ಲೋ?" ಎಂದೆ. "ನೋಡ್ದೆ ರೀ" ಎಂದಳು. ಹತ್ತು ನಿಮಿಷ ಕೂರಿಸಿದೆ. ನರ್ಸಮ್ಮ ತನ್ನ ಥರ್ಮಾಸಿನಿಂದ ಅವಳಿಗೆ ಚಹಾ ಕೊಟ್ಟಳು.

ಎಂಟೂವರೆಗೆ ಪರೀಕ್ಷೆ. ನಾನು ಆದೇಶ ಕೊಟ್ಟೆ. ಮೊದಲ ಗುಂಡು ಕೆಳಗೆ, ವೃತ್ತದ ಹೊರಗೆ. ಎರಡನೆಯದೂ ಹೊರಗೆ, ಎಡಕ್ಕೆ. ಪರೀಕ್ಷೆಯಲ್ಲಿ ಉಸ್ತಾದ ಮಾತಾಡಬಾರದು. ನಾನು ಹಲ್ಲು ಕಚ್ಚಿ ನಿಂತೆ. ಅವಳು ಪಿಸ್ತೂಲನ್ನು ಎದೆಮಟ್ಟಕ್ಕೆ ಇಳಿಸಿ, ಉಸಿರು ಬಿಟ್ಟು, ಮತ್ತೆ ಎತ್ತಿದಳು. ಮೂರನೆಯದು ಒಳಗೆ. ಅಲ್ಲಿಂದ ಮುಂದೆ ಅವಳು ಒಂದೇ ತಾಳದಲ್ಲಿ ಹೊಡೆದಳು. ಒತ್ತುವುದು, ಸದ್ದು, ಇಳಿಸುವುದು, ಉಸಿರು. ಏಳನೆಯದು ಮಾತ್ರ ಗೆರೆಯ ಹತ್ತಿರ ಹೋಯಿತು, ಒಳಗೋ ಹೊರಗೋ ಇಲ್ಲಿಂದ ಕಾಣಲಿಲ್ಲ. ಹತ್ತೂ ಮುಗಿದವು. ಪಿಸ್ತೂಲು ಖಾಲಿ ಎಂದು ತೋರಿಸಿ ಕೆಳಗಿಟ್ಟಳು.

ನಾವು ಹಲಗೆಗೆ ನಡೆದೆವು. ಸಾಹೇಬರು ಪೆನ್ಸಿಲ್ಲಿನಿಂದ ಒಂದೊಂದೇ ತೂತು ಮುಟ್ಟಿದರು. ಗೆರೆಯ ಹತ್ತಿರದ್ದನ್ನು ಬಿಟ್ಟೇ ಏಳು ಒಳಗಿದ್ದವು.

"ಏಳು" ಎಂದರು ಸಾಹೇಬರು. "ಇದನ್ನ ಲೆಕ್ಕಕ್ಕೆ ಹಿಡಿಯೋದೇ ಬೇಡ. ಪಾಸ್."

ಸುಜಾತಾ ಸೆಲ್ಯೂಟ್ ಹೊಡೆದಳು. ಆಮೇಲೆ ನೆಲಕ್ಕೆ ಕುಕ್ಕರಿಸಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಖಾಜಾಸಾಬ ಹತ್ತಿರ ಹೋಗಿ, "ಏಳವಾ, ಏಳು. ಮನಿಗಿ ಫೋನ್ ಹಚ್ಚು" ಎಂದ. "ಹಚ್ಚಿ ಏನ್ ಹೇಳ್ಲಿ ಚಾಚಾ?" ಎಂದಳು ಮುಖ ಮುಚ್ಚಿಕೊಂಡೇ. "ಕೂಸಿನ ಕೈಯಾಗ ಕೊಡು ಅನ್ನು. ಮಾತಾಡಲಿಕ್ಕರ ಬರಂಗಿಲ್ಲ, ಕೇಳಲಿ" ಎಂದ. ಎಲ್ಲರೂ ನಕ್ಕೆವು. ಹೊತ್ತ ಮೂಟೆ ಇಳಿಸಿದಂತಾಗಿ ನಾನು ಆಂಬುಲೆನ್ಸಿನ ಮೆಟ್ಟಿಲ ಮೇಲೆ ಕುಳಿತೆ. ಚಾಂದಮಾರಿಯಲ್ಲಿ ನಾನು ಕುಳಿತದ್ದನ್ನು ಯಾರೂ ನೋಡಿರಲಿಲ್ಲ. ನರ್ಸಮ್ಮ ನನಗೂ ಚಹಾ ಕೊಟ್ಟಳು.

ಹನ್ನೊಂದರ ಬಸ್ಸಿಗೆ ಸುಜಾತಾ ಸುರಪುರದ ಕಡೆ ಹೋದಳು. ನಾನು ಮತ್ತು ಖಾಜಾಸಾಬ ಯಾದಗಿರಿಗೆ ಬಂದೆವು. ಊಟ ಮಾಡಿ, ಪಿಸ್ತೂಲು ಬಿಚ್ಚಿ ಒರೆಸಿ ಎಣ್ಣೆ ಹಚ್ಚಿ, ಹಳೆಯ ಗುಂಡಿನ ಪೆಟ್ಟಿಗೆಯ ಮುಂದೆ ಕುಳಿತೆವು. ಅದರ ಜೊತೆಗೇ ತಯಾರಾಗಿ ಬಂದ ಇನ್ನೆರಡು ಪೆಟ್ಟಿಗೆ ಇದ್ದವು. ಮೂರನ್ನೂ ಬೇರೆ ಇಟ್ಟು, "ಅಭ್ಯಾಸಕ್ಕೂ ಕೊಡಕೂಡದು, ಪಹರೆಗೂ ಕೊಡಕೂಡದು. ನಾಶಕ್ಕೆ ಕಳುಹಿಸುವುದು" ಎಂದು ಚೀಟಿ ಬರೆದೆ. ಸಾಹೇಬರು ಬಂದು ಸಹಿ ಹಾಕಿದರು. ಇನ್ನು ಮೇಲೆ ಚಾಂದಮಾರಿಗೆ ಹೋಗುವ ಯಾವ ಪೆಟ್ಟಿಗೆಯಾದರೂ ಹಿಂದಿನ ದಿನ ಉಸ್ತಾದನೇ ಅದರಿಂದ ಹತ್ತು ಹೊಡೆದು ನೋಡಬೇಕೆಂದು ಕೆಳಗೆ ತಾವೇ ಒಂದು ಸಾಲು ಸೇರಿಸಿದರು.

ಖಾಜಾಸಾಬ ಪೆಟ್ಟಿಗೆಗಳಿಗೆ ಮುದ್ರೆ ಒತ್ತಲು ಅರಗು ಕಾಯಿಸುತ್ತಾ ಕುಳಿತಿದ್ದ. ಕಾಯಿಸುತ್ತಲೇ ಕೇಳಿದ.

"ಉಸ್ತಾದ್, ಈ ಮೂವತ್ತು ವರ್ಷದಾಗ ನಾವು ಎಷ್ಟು ಮಂದಿನ್ನ ಅಂಜುತ್ತಾರಂತ ಬರದು ಪಟ್ಟಿಯಿಂದ ತಗದೀವಿ?"

ಕೆಲವು ಮುಖ ನೆನಪಾದವು. ಎಲ್ಲ ಹೆಸರು ನೆನಪಾಗಲಿಲ್ಲ.

"ಅರಗು ಹಾಕು" ಎಂದೆ.

ಅವನು ಹಗ್ಗದ ಗಂಟಿನ ಮೇಲೆ ಅರಗು ಸುರಿದ. ನಾನು ಮುದ್ರೆ ಒತ್ತಿದೆ. ಮೂರನೆಯ ಪೆಟ್ಟಿಗೆಗೆ ಮುದ್ರೆ ಬಿದ್ದಾಗ ಸಂಜೆ ಐದೂ ಹತ್ತು.